ವಿದ್ಯುಚ್ಛಕ್ತಿಯ ದರವನ್ನು ಕಟ್ಟುವವರು ಯಾರು?

2025ನೆಯ ಇಸವಿ ಮಾರ್ಚಿ 18ರಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಹೊರಡಿಸಿದ ಒಂದು ಆಜ್ಞೆಯಿಂದ ನಮ್ಮ ನಾಡಿನ ದೀಪದ ಚೀಟಿಗೆ ಹೊಸದೊಂದು ಬಾಬು ಸೇರಿತು. ವಿದ್ಯುಚ್ಛಕ್ತಿ ನೌಕರರ ನಿವೃತ್ತಿವೇತನ ಮತ್ತು ಗ್ರಾಚುಯಿಟಿಯ ನಿಧಿಗಾಗಿ ಆ ವರ್ಷದ ಏಪ್ರಿಲ್ 1ರಿಂದ ಯೂನಿಟ್ಟಿಗೆ 36 ಪೈಸೆ. 2026–27ಕ್ಕೆ 35 ಪೈಸೆ. 2027–28ಕ್ಕೆ 34 ಪೈಸೆ. ತಿಂಗಳಿಗೆ 300 ಯೂನಿಟ್ಟು ಉರಿಸುವ ಮನೆಗೆ ಮೊದಲನೆಯ ವರ್ಷದ ಲೆಕ್ಕದಲ್ಲಿ ಇದು 108 ರೂಪಾಯಿ. 5,000 ಯೂನಿಟ್ಟು ಬೇಕಾಗುವ ಒಂದು ಸಣ್ಣ ಗಿರಣಿಗೆ 1,800 ರೂಪಾಯಿ. ಇಷ್ಟು ಅಲ್ಪ ಮೊತ್ತಕ್ಕೆ ಇಷ್ಟೊಂದು ಗದ್ದಲವೇಕೆಂದು ಕೇಳುವ ಮಹನೀಯರಿದ್ದಾರೆ. ಗದ್ದಲವು ಮೊತ್ತಕ್ಕಾಗಿ ಅಲ್ಲ. ದರವನ್ನು ಕಟ್ಟುವ ಅಧಿಕಾರವನ್ನು ಶಾಸನವು ಯಾರ ಕೈಗೆ ಕೊಟ್ಟಿದೆಯೋ ಆ ಕೈಯೇ ಈ 36 ಪೈಸೆಯನ್ನು ಬರೆಯಿತೋ, ಅಥವಾ ಬೇರೊಂದು ಕೈ ಅದನ್ನು ಹಿಡಿದು ಬರೆಯಿಸಿತೋ ಎಂಬುದೇ ಪ್ರಕೃತ ಪ್ರಶ್ನೆ.

ಈ ಅಧಿಕಾರವು ಆಯೋಗಕ್ಕೆ ಬಂದ ಬಗೆಯನ್ನು ವಾಚಕರು ಸ್ವಲ್ಪ ನೆನೆಯಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗಲೂ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದಾಗಲೂ ಉತ್ಪಾದಕನು ಸರಕಾರ, ಮಾರುವವನು ಸರಕಾರ, ಬೆಲೆ ಹೇಳುವವನೂ ಸರಕಾರ. ಗಣಿಯ ಕಂಪನಿಯಂತಹ ಬಲಿಷ್ಠನು ಕರಾರು ಮಾಡಿಕೊಳ್ಳಬಲ್ಲವನಾಗಿದ್ದನು. ಮನೆಯ ಯಜಮಾನನಿಗೆ ಅರ್ಜಿಯೊಂದೇ ಗತಿ. 1948ರ ಸರಬರಾಯಿ ಶಾಸನವೂ, 1957ರಲ್ಲಿ ನಮ್ಮಲ್ಲಿ ಏರ್ಪಟ್ಟ ವಿದ್ಯುಚ್ಛಕ್ತಿ ಮಂಡಲಿಯೂ ಈ ಸ್ಥಿತಿಯನ್ನು ಹೆಚ್ಚಾಗಿ ಬದಲಿಸಲಿಲ್ಲ. ಮಂಡಲಿಯ ಹೆಸರಿನಲ್ಲಿ ದರವೇನೋ ಹೊರಡುತ್ತಿತ್ತು. ಅದು ಹೊರಡುವ ಮುಹೂರ್ತವನ್ನು ಮಾತ್ರ ವಿಧಾನಸೌಧದಲ್ಲಿ ನೋಡುತ್ತಿದ್ದರು. ಚುನಾವಣೆ ಹತ್ತಿರವಾದರೆ ಮುಹೂರ್ತ ಕೂಡಿಬರುತ್ತಿರಲಿಲ್ಲ. ಮಂಡಲಿಯ ನಷ್ಟ ಬೆಳೆಯಿತು, ತಂತಿಗಳು ಹಳೆಯವಾದವು, ಕೊನೆಗೆ 1999ರ ಸುಧಾರಣಾ ಶಾಸನದಿಂದ ಮಂಡಲಿಯು ನಿಗಮವಾಯಿತು, ಅದೇ ವರ್ಷದ ನವಂಬರಿನಲ್ಲಿ ಆಯೋಗವು ಹುಟ್ಟಿತು, 2002ರಲ್ಲಿ ಹಂಚಿಕೆಯ ಕೆಲಸವು ಪ್ರತ್ಯೇಕ ಕಂಪನಿಗಳ ಪಾಲಿಗೆ ಬಂದಿತು. ಇಡೀ ಭಾರತಕ್ಕೆ ಅನ್ವಯಿಸುವ 2003ರ ವಿದ್ಯುಚ್ಛಕ್ತಿ ಶಾಸನವು ಈ ವ್ಯವಸ್ಥೆಗೆ ಗಟ್ಟಿಯಾದ ತಳಹದಿಯನ್ನು ಹಾಕಿತು.

ಆ ಶಾಸನವನ್ನು ಓದಿದವರಿಗೆ ದರದ ಯಜಮಾನಿಕೆ ಯಾರದೆಂಬ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ದರವನ್ನು ನಿರ್ಧರಿಸತಕ್ಕವರು ಆಯೋಗದವರು ಎಂದು 62ನೆಯ ಕಲಮು ಹೇಳುತ್ತದೆ. ಕಂಪನಿಯು ಅರ್ಜಿ ಕೊಡಬೇಕು, ಅರ್ಜಿಯ ಸಾರವನ್ನು ಪ್ರಕಟಿಸಬೇಕು, ಪ್ರಜೆಗಳ ಆಕ್ಷೇಪಣೆಗಳನ್ನು ಆಯೋಗವು ಪರ್ಯಾಲೋಚಿಸಬೇಕು, 120 ದಿನಗಳೊಳಗೆ ಆಜ್ಞೆ ಹೊರಡಬೇಕು, ಅರ್ಜಿಯನ್ನು ತಳ್ಳಿಹಾಕುವುದಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕು ಎಂದು 64ನೆಯ ಕಲಮು. ಸದಸ್ಯರಿಗೆ ಐದು ವರ್ಷಗಳ ಅವಧಿ. ಅದೇ ಸ್ಥಾನಕ್ಕೆ ಮರುನೇಮಕವಿಲ್ಲ. ಅಪ್ರಿಯವಾದ ಆಜ್ಞೆ ಮಾಡಿದನೆಂದು ಮಂತ್ರಿಗಳು ಯಾವ ಸದಸ್ಯನನ್ನೂ ಮನೆಗೆ ಕಳುಹಿಸುವಂತಿಲ್ಲ. ಆಯೋಗದ ತೀರ್ಮಾನದಿಂದ ನೊಂದವನು ಸಿವಿಲ್ ಕೋರ್ಟಿಗೆ ಹೋಗಲಾರನು. ದಿಲ್ಲಿಯ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬೇಕು, ಅಲ್ಲಿಂದ ಕಾನೂನಿನ ಗಣ್ಯ ಪ್ರಶ್ನೆಯಿದ್ದರೆ ಸರ್ವೋಚ್ಚ ನ್ಯಾಯಾಲಯಕ್ಕೆ.

ಇದೆಲ್ಲ ಸುಲಭವಾಗಿ ಬಂದ ಹಕ್ಕೆಂದು ಯಾರೂ ಭಾವಿಸದಿರಲಿ. ಕಲ್ಕತ್ತೆಯ ವಿದ್ಯುಚ್ಛಕ್ತಿ ಕಂಪನಿಯ ದರದ ವ್ಯಾಜ್ಯದಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು, ಗ್ರಾಹಕರಿಗೆಲ್ಲ ಮಾತನಾಡುವ ಅವಕಾಶ ಕೊಡುವುದು ಸಲ್ಲದೆಂಬ ಭಾವನೆಯಿಂದ ನಡೆದು, ದರವನ್ನು ತಾನೇ ಲೆಕ್ಕ ಹಾಕಿತ್ತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಎರಡನ್ನೂ ಒಪ್ಪಲಿಲ್ಲ: ಗ್ರಾಹಕನಿಗೆ ಅಹವಾಲು ಹೇಳಿಕೊಳ್ಳುವ ಹಕ್ಕುಂಟು, ದರವನ್ನು ಕಟ್ಟುವುದು ತಜ್ಞರ ಆಯೋಗದ ಕೆಲಸ, ಮೇಲ್ಮನವಿಯನ್ನೂ ಅಂತಹ ತಜ್ಞರ ಪೀಠವೇ ಕೇಳುವುದು ಲೇಸು ಎಂದಿತು. ನ್ಯಾಯಾಧೀಶರೇ ಕೈಹಾಕಬಾರದೆಂದ ಮೇಲೆ ಮಂತ್ರಿಗಳು ಕೈಹಾಕಬಹುದೆಂದು ಯಾವ ವಾದದಿಂದ ಸಾಧಿಸುವುದು?

ಸರಕಾರಕ್ಕೆ ಶಾಸನವು ಎರಡು ಬಾಗಿಲುಗಳನ್ನು ಮಾತ್ರ ತೆರೆದಿದೆ. ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ ನೀತಿಯ ವಿಷಯದಲ್ಲಿ ನಿರ್ದೇಶನ ಕೊಡಬಹುದೆಂಬುದು 108ನೆಯ ಕಲಮು. ಆಯೋಗವು ಅದರಿಂದ ಮಾರ್ಗದರ್ಶನ ಪಡೆಯತಕ್ಕದ್ದು. ಮಾರ್ಗದರ್ಶನ ಬೇರೆ, ಮೂಗುದಾರ ಬೇರೆ. ಎರಡನೆಯದು 65ನೆಯ ಕಲಮು, ನಮ್ಮ ದೃಷ್ಟಿಯಲ್ಲಿ ಇಡೀ ಶಾಸನದಲ್ಲಿ ಅತ್ಯಂತ ಪ್ರಾಮಾಣಿಕವಾದುದು. ಯಾವುದೇ ವರ್ಗದ ಗ್ರಾಹಕರಿಗೆ ದರವನ್ನು ಇಳಿಸಬೇಕೆಂಬ ದಯೆ ಸರಕಾರಕ್ಕೆ ಹುಟ್ಟಿದರೆ ಆ ದಯೆಯ ಮೊಬಲಗನ್ನು ಬೊಕ್ಕಸದಿಂದ ಮುಂಗಡವಾಗಿ ಕೊಡಬೇಕು. ಕೊಡದಿದ್ದರೆ ಸರಕಾರದ ನಿರ್ದೇಶನ ನಡೆಯದು, ಆಯೋಗದ ದರವೇ ನಡೆಯುವುದು. ಅತ್ತೆಯ ಒಡವೆಯನ್ನು ಅಳಿಯನು ದಾನ ಮಾಡುವುದನ್ನು ತಡೆಯುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಾಕ್ಯವನ್ನು ಯಾವ ಶಾಸನಕರ್ತನೂ ಬರೆಯಲಾರನು.

ಆದರೆ ವಾಕ್ಯವಿದ್ದ ಮಾತ್ರಕ್ಕೆ ಫಲವಿರುವುದಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ನಮ್ಮಲ್ಲಿ ವಿದ್ಯುತ್ತು ಪುಕ್ಕಟೆ. ಆಯೋಗವು ತನ್ನ ದರದ ಆಜ್ಞೆಗಳಲ್ಲಿ ಈ ಪಂಪುಗಳಿಗೂ ಒಂದು ದರವನ್ನು ಲೆಕ್ಕ ಹಾಕಿ, ಸರಕಾರವು ಸಹಾಯಧನವನ್ನು ಮುಂಗಡವಾಗಿ ಕೊಡದಿದ್ದಲ್ಲಿ ಅದನ್ನು ರೈತನಿಂದಲೇ ವಸೂಲು ಮಾಡತಕ್ಕದ್ದೆಂದು ಬರೆಯುತ್ತ ಬಂದಿದೆ. ಅಂತಹ ಚೀಟಿಯನ್ನು ಹಿಡಿದು ತೋಟದ ಬಾಗಿಲಿಗೆ ಹೋಗುವ ಧೈರ್ಯ ಯಾವ ಕಂಪನಿಗಿದೆ? ಕಂಪನಿಯ ಯಜಮಾನನೂ ಸರಕಾರವೇ ಅಲ್ಲವೆ? ಹೀಗೆ ಆಯೋಗದ ವಾಕ್ಯವು ಕಾಗದದ ಮೇಲೆ ಹುಲಿಯಂತೆ ಗರ್ಜಿಸಿ ಕಾಗದದಲ್ಲಿಯೇ ಮಲಗುತ್ತದೆ. ರೈತನಿಗೆ ನೀರು ಬೇಡವೆಂದು ನಾವು ಹೇಳುತ್ತಿಲ್ಲ. ಮಳೆಯಿಲ್ಲದ ಸೀಮೆಯಲ್ಲಿ ಪಂಪೇ ಬದುಕು. ಹೊಳೆಗೆ ಹಾಕಿದರೂ ಅಳೆದು ಹಾಕೆಂದು ಹಿರಿಯರು ಹೇಳಿದುದನ್ನು ನೆನಪಿಗೆ ತರುತ್ತೇವೆ, ಅಷ್ಟೆ. ಅಳತೆಯಿಲ್ಲದ ದಾನದಲ್ಲಿ ಪಂಪಿನ ಖರ್ಚೆಷ್ಟು, ತಂತಿಯಲ್ಲಿ ಸೋರಿದುದೆಷ್ಟು, ಕದ್ದುದೆಷ್ಟು ಎಂಬುದು ಬೇರೆ ಬೇರೆಯಾಗಿ ತಿಳಿಯುವುದೇ ಇಲ್ಲ. ಮೂರೂ ಒಂದೇ ಮೂಟೆಯಲ್ಲಿ ಹೋಗುತ್ತವೆ. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಈ ದೋಷವಿಲ್ಲ. ಅಲ್ಲಿ ಮಾಪಕವುಂಟು, ಹಿಂದಿನ ವರ್ಷದ ಸರಾಸರಿಯ ಮೇಲೆ ನೂರಕ್ಕೆ ಹತ್ತರ ಮಿತಿಯುಂಟು, 200 ಯೂನಿಟ್ಟಿನ ಎಲ್ಲೆಯುಂಟು. ಯೋಜನೆಯ ಗುಣಾವಗುಣಗಳೇನೇ ಇರಲಿ, ಲೆಕ್ಕವಾದರೂ ಬೆಳಕಿನಲ್ಲಿದೆ.

ಇನ್ನು ಆಯೋಗದ ಸ್ವಂತ ನಡವಳಿಕೆಗೆ ಬರೋಣ. ಹೊಸ ದರವು ಏಪ್ರಿಲ್ ಒಂದರೊಳಗಾಗಿ ಸಿದ್ಧವಿರಬೇಕು, ಕಂಪನಿಯು ಅರ್ಜಿ ಕೊಡದಿದ್ದರೆ ಆಯೋಗವು ತಾನಾಗಿಯೇ ವಿಚಾರಣೆಗೆ ಎತ್ತಿಕೊಳ್ಳಬೇಕು ಎಂದು ಮೇಲ್ಮನವಿ ನ್ಯಾಯಾಧಿಕರಣವು 2011ರ ನವಂಬರಿನಲ್ಲಿಯೇ ಎಲ್ಲ ರಾಜ್ಯಗಳ ಆಯೋಗಗಳಿಗೂ ಕಟ್ಟಪ್ಪಣೆ ಮಾಡಿತು. ಆದರೆ 2023ರಲ್ಲಿ ನಮ್ಮಲ್ಲಿ ನಡೆದುದೇನು? ಮೇ 10ರಂದು ಮತದಾನ, 13ರಂದು ಎಣಿಕೆ. ನಡುವೆ 12ರಂದು ಯೂನಿಟ್ಟಿಗೆ ಸರಾಸರಿ 70 ಪೈಸೆಯ ಏರಿಕೆ, ಅದೂ ಏಪ್ರಿಲ್ 1ರಿಂದ ಪೂರ್ವಾನ್ವಯವಾಗಿ. ಆರಿಹೋದ ದೀಪಕ್ಕೆ ಹಿಂದಿನಿಂದ ಬೆಲೆ ಕಟ್ಟಿದಂತಾಯಿತು. ಅಂಗಡಿಯವನು ಏಪ್ರಿಲ್ ತಿಂಗಳಲ್ಲಿ ಮಾರಿದ ಸಾಮಾನಿಗೆ ಜೂನ್ ತಿಂಗಳಲ್ಲಿ ಹೆಚ್ಚು ಬೆಲೆ ಕೇಳುವುದಕ್ಕೆ ಹೋಗಲಾರನು. ಆಯೋಗದ ಲೆಕ್ಕವು ಸರಿಯಾಗಿಯೇ ಇದ್ದಿರಬಹುದು. ಆದರೆ ಸ್ವತಂತ್ರವಾದ ಸಂಸ್ಥೆಯು ಸ್ವತಂತ್ರವಾಗಿ ಕಾಣಬೇಕು ಕೂಡ. ಆ ದಿನಾಂಕದಲ್ಲಿ ಅದು ಹಾಗೆ ಕಾಣಲಿಲ್ಲ.

ದರವನ್ನು ಕಟ್ಟುವ ಅಧಿಕಾರವು ಎಷ್ಟು ವಿಶಾಲವೋ, ಒಮ್ಮೆ ಕಟ್ಟಿದುದನ್ನು ಕಳಚುವ ಅಧಿಕಾರವು ಅಷ್ಟೇ ಸಂಕುಚಿತವೆಂಬುದನ್ನು ಸಾಮಾನ್ಯರು ಮಾತ್ರವಲ್ಲ, ಕೆಲವು ಅಧಿಕಾರಿಗಳೂ ಮರೆಯುತ್ತಾರೆ. 94ನೆಯ ಕಲಮಿನ ಮೇರೆಗೆ ಆಯೋಗವು ತನ್ನ ಆಜ್ಞೆಯನ್ನು ಪುನರ್ವಿಮರ್ಶೆ ಮಾಡಬಹುದು. ಆದರೆ ಸಿವಿಲ್ ನ್ಯಾಯಾಲಯಕ್ಕೆ ಎಷ್ಟು ಅವಕಾಶವೋ ಅಷ್ಟು ಮಾತ್ರ: ಹೊಸದಾಗಿ ದೊರೆತ ಸಂಗತಿ, ದಾಖಲೆಯ ಮುಖದ ಮೇಲೆಯೇ ಕಾಣುವ ತಪ್ಪು, ಅಥವಾ ಅವಕ್ಕೆ ಸಮಾನವಾದ ಕಾರಣ. ಹಿಂದಿನ ಸದಸ್ಯರು ಹೀಗೆ ಯೋಚಿಸಿದರು, ನಮಗೆ ಬೇರೆ ಹಾಗೆ ತೋರುತ್ತದೆ ಎಂಬುದು ಪುನರ್ವಿಮರ್ಶೆಗೆ ಕಾರಣವಲ್ಲ. ಒಂದು ವಿಷಯದ ಮೇಲೆ ನಿಬಂಧನೆಗಳನ್ನು ರಚಿಸಿದ ಮೇಲೆ ಅವು ರಚಿಸಿದವರನ್ನೂ ಕಟ್ಟುತ್ತವೆ. ಕೇಂದ್ರ ಆಯೋಗದ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವು 2010ರಲ್ಲಿ ಇದನ್ನು ವಿಶದಪಡಿಸಿ, ಇಂತಹ ನಿಬಂಧನೆಗಳ ಸಿಂಧುತ್ವವನ್ನು ಪ್ರಶ್ನಿಸುವವರು ನ್ಯಾಯಾಧಿಕರಣಕ್ಕಲ್ಲ, ಉಚ್ಚ ನ್ಯಾಯಾಲಯಕ್ಕೆ ಹೋಗಬೇಕೆಂದು ತೀರ್ಪಿತ್ತಿತು.

ವರ್ಷಾಂತ್ಯದಲ್ಲಿ ಅಂದಾಜನ್ನೂ ನಿಜವಾದ ಖರ್ಚನ್ನೂ ತಾಳೆ ನೋಡುವ ಕ್ರಮವೊಂದುಂಟು. ಕಲ್ಲಿದ್ದಲಿಗೆ ಇಷ್ಟೆಂದು ಎಣಿಸಿದ್ದೆವು, ಅಷ್ಟಾಯಿತು. ಹೆಚ್ಚು ಕಡಮೆಯನ್ನು ಮುಂದಿನ ವರ್ಷಕ್ಕೆ ಒಯ್ಯೋಣ ಎಂಬುದು ಇದರ ತಾತ್ಪರ್ಯ. ದಿಲ್ಲಿಯ ಆಯೋಗವು ಈ ತಾಳೆಯ ನೆಪದಲ್ಲಿ ತನ್ನ ಹಿಂದಿನ ಆಜ್ಞೆಯ ಲೆಕ್ಕದ ಸೂತ್ರಗಳನ್ನೇ ತಿದ್ದಲು ಹೊರಟಿತ್ತು. ಅಂಕಿಗಳನ್ನು ಸರಿಪಡಿಸಬಹುದು, ಆಟದ ನಿಯಮಗಳನ್ನು ಆಟ ಮುಗಿದ ಮೇಲೆ ಬದಲಿಸಲಾಗದು ಎಂಬ ಅರ್ಥದಲ್ಲಿ 2022ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಯಿತು. ಅದೇ ದಿಲ್ಲಿಯ ಇನ್ನೊಂದು ರೋಗವು ಇದಕ್ಕಿಂತ ದೊಡ್ಡದು. ದರವನ್ನು ಏರಿಸುವ ಅಪ್ರಿಯ ಕೆಲಸಕ್ಕೆ ಅಂಜಿ, ಕಂಪನಿಗೆ ಸಲ್ಲಬೇಕಾದುದನ್ನು ವರ್ಷ ವರ್ಷವೂ ಮುಂದೂಡಿ, ಅದನ್ನು ಸ್ವತ್ತೆಂಬ ಹೆಸರಿನಲ್ಲಿ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು. ಸಾಲಕ್ಕೆ ಸ್ವತ್ತೆಂದು ಹೆಸರಿಟ್ಟವನ ಚಾತುರ್ಯವನ್ನು ಮೆಚ್ಚಬೇಕು! ಬಡ್ಡಿಯೊಡನೆ ಅದು ಬೆಟ್ಟವಾಗಿ ಬೆಳೆಯಿತು. 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ನಿಯಂತ್ರಣದ ವೈಫಲ್ಯವೆಂದೇ ಕರೆದು, ಕಾಲಮಿತಿಯೊಳಗೆ ತೀರಿಸುವಂತೆ ವಿಧಿಸಿತು. ನಿರ್ಧಾರ ಮಾಡದಿರುವುದೂ ಒಂದು ನಿರ್ಧಾರವೇ. ಅದರ ಬೆಲೆಯನ್ನು ನಾಳಿನ ಗ್ರಾಹಕನು ತೆರುತ್ತಾನೆ.

ದಿಲ್ಲಿಯ ಮಾತು ದಿಲ್ಲಿಗಿರಲಿ, ನಮ್ಮ ಆಯೋಗವೂ ಇಂತಹ ಪಾಠದಿಂದ ಹೊರತಾಗಿಲ್ಲ. 2015ರಲ್ಲಿ ಹೊಲಗಳ ಒಡೆಯರು ಸಣ್ಣ ಸೌರ ಸ್ಥಾವರಗಳನ್ನು ಹಾಕುವ ಯೋಜನೆ ಬಂದಿತು. ಯೂನಿಟ್ಟಿಗೆ 8 ರೂಪಾಯಿ 40 ಪೈಸೆಯಂತೆ ಕರಾರಾಯಿತು. ಅನುಮತಿಗಳು ಬರುವುದು ತಡವಾಯಿತು; ಆರು ತಿಂಗಳ ಕಾಲಾವಕಾಶ ಸಿಕ್ಕಿತು. ಆ ಮೇಲೆ ಆಯೋಗವು, ಈ ವಿಸ್ತರಣೆ ತನ್ನ ಒಪ್ಪಿಗೆಯಿಲ್ಲದೆ ಸಲ್ಲದೆಂದು ಹೇಳಿ, ಹಿರೇಹಳ್ಳಿಯ ಸ್ಥಾವರದ ವಿಷಯದಲ್ಲಿ ದರವನ್ನು 4 ರೂಪಾಯಿ 36 ಪೈಸೆಗೆ ಇಳಿಸಿತು. ನ್ಯಾಯಾಧಿಕರಣವು ಈ ಇಳಿಕೆಯನ್ನು ರದ್ದುಪಡಿಸಿತು. 2024ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಬೆಂಗಳೂರಿನ ಕಂಪನಿಯ ಮೇಲ್ಮನವಿಯನ್ನು ವಜಾ ಮಾಡಿತು. ಅಗ್ಗದ ವಿದ್ಯುತ್ತು ಸಿಗಬೇಕೆಂಬ ಆಯೋಗದ ಆಸೆ ತಪ್ಪಲ್ಲ. ಸೌರಫಲಕಗಳ ಬೆಲೆ ಆ ವರ್ಷಗಳಲ್ಲಿ ಇಳಿದುದೂ ನಿಜವೇ. ಆದರೆ ಕರಾರನ್ನು ನಂಬಿ ಸಾಲ ಮಾಡಿದವನಿಗೆ, ಪೇಟೆಯ ಬೆಲೆ ಇಳಿಯಿತೆಂದು ಅರ್ಧ ಕೊಟ್ಟು ಕಳುಹಿಸುವುದು ನಿಯಂತ್ರಣವಲ್ಲ, ಚೌಕಾಸಿ.

ಹಾಗೆಂದು ನಿಯಂತ್ರಕನು ಬಾಯಿ ಮುಚ್ಚಿಕೊಂಡಿರಬೇಕೆಂಬುದು ನಮ್ಮ ಮತವಲ್ಲ. ವಿಮಾನನಿಲ್ದಾಣಗಳ ಶುಲ್ಕವನ್ನು ನಿಗದಿಮಾಡುವ ಪ್ರಾಧಿಕಾರವೊಂದಿದೆ. ದೇವನಹಳ್ಳಿಯಲ್ಲಿ ವಿಮಾನ ಹತ್ತುವವನು ಕೊಡುವ ಶುಲ್ಕವೂ ಅದರ ಲೆಕ್ಕದಿಂದಲೇ ಬಂದುದು. ಮೇಲಿನ ನ್ಯಾಯಾಧಿಕರಣವು ತನ್ನ ಆಜ್ಞೆಯನ್ನು ಬದಲಿಸಿದರೆ ಆ ಪ್ರಾಧಿಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬಹುದೆ ಎಂಬ ಪ್ರಶ್ನೆ ಬಂದಾಗ, ಹೋಗಬಹುದೆಂದು 2024ರ ಅಕ್ಟೋಬರಿನಲ್ಲಿ ತೀರ್ಪಾಯಿತು. ದರವನ್ನು ಕಟ್ಟುವುದು ಇಬ್ಬರ ಜಗಳವನ್ನು ತೀರ್ಮಾನಿಸುವ ಕೆಲಸವಲ್ಲ. ಅದರಲ್ಲಿ ಸಾರ್ವಜನಿಕರ ಹಿತವಿದೆ, ಆ ಹಿತವನ್ನು ನಿಯಂತ್ರಕನು ಎತ್ತಿ ಹಿಡಿಯಬಹುದು ಎಂಬುದೇ ಅದರ ಮರ್ಮ. ತನ್ನ ತೀರ್ಮಾನವನ್ನು ಸಕಾರಣವಾಗಿ ಸಮರ್ಥಿಸಿಕೊಳ್ಳುವ ಹಕ್ಕೂ, ಅದನ್ನು ಮನಬಂದಂತೆ ಬದಲಿಸದಿರುವ ಕರ್ತವ್ಯವೂ ಒಂದೇ ಬೇರಿನಿಂದ ಹುಟ್ಟಿದವು.

ಈ ಅಳತೆಗೋಲನ್ನು ಹಿಡಿದು 36 ಪೈಸೆಯ ಬಳಿಗೆ ಮರಳೋಣ. ಮಂಡಲಿಯು ನಿಗಮವಾದ ಕಾಲದಲ್ಲಿ ನೌಕರರಿಗೆ ಭಯವಾಯಿತು: ಸರಕಾರದ ಮಂಡಲಿಯಲ್ಲಿ ದುಡಿದ ನಮ್ಮ ನಿವೃತ್ತಿವೇತನ ನಾಳೆ ಕಂಪನಿಯ ಕಾಲದಲ್ಲಿ ಏನಾದೀತು? ಆಗ ಸರಕಾರ, ನಿಗಮ, ನೌಕರರು ಮೂವರೂ ಸೇರಿ ಒಪ್ಪಂದ ಮಾಡಿಕೊಂಡರು. ಹಿಂದಿನ ಸೇವೆಯ ಹೊಣೆಯನ್ನು ಸರಕಾರವು ಹೊತ್ತಿತು. ಆ ಒಪ್ಪಂದದಲ್ಲಿ ಗ್ರಾಹಕನು ಕಕ್ಷಿಯಾಗಿರಲಿಲ್ಲ. ಎರಡು ದಶಕಗಳಾದ ಮೇಲೆ ಸರಕಾರವು ತನ್ನ ಪಾಲನ್ನು ದರದ ಮೂಲಕ ವಸೂಲು ಮಾಡಬೇಕೆಂದು ಹೊರಟಿತು. ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋಗಿ, ಅಲ್ಲಿ ಸರಕಾರದ ಪಕ್ಷವೇ ನಿಂತಿತು. ತರುವಾಯ ಆಯೋಗದ ಆಜ್ಞೆ ಹೊರಟಿತು. ನ್ಯಾಯಾಲಯದ ತೀರ್ಪಿಗೆ ನಾವು ತಲೆಬಾಗುತ್ತೇವೆ. ವೃದ್ಧ ನೌಕರರ ಹಕ್ಕಿನ ಬಗೆಗೂ ನಮಗೆ ಎರಡು ಮಾತಿಲ್ಲ. ಮಳೆಗಾಳಿಯಲ್ಲಿ ಕಂಬ ಹತ್ತಿದವರ ಅನ್ನ ಅದು. ಆದರೆ ಕಾನೂನಿನಿಂದ ಸಾಧ್ಯವಾದುದೆಲ್ಲ ನೀತಿಯಿಂದ ಯುಕ್ತವಾಗುವುದಿಲ್ಲ. ಸಹಿ ಹಾಕಿದವನು ಸರಕಾರ, ತೆರುವವನು ಅಂಗಡಿಕಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇದರಲ್ಲಿ ಒಂದು ವಿನೋದವೂ ಉಂಟು. ಗೃಹಜ್ಯೋತಿಯ ಮನೆಗಳ ಚೀಟಿಯನ್ನೂ ಪಂಪುಗಳ ಚೀಟಿಯನ್ನೂ ಸರಕಾರವೇ ತೆರಬೇಕಾದುದರಿಂದ, ಅಲ್ಲಿಯ ಯೂನಿಟ್ಟುಗಳ ಮೇಲಿನ 36 ಪೈಸೆಯು ಬೊಕ್ಕಸದ ಒಂದು ಕಿಸೆಯಿಂದ ಹೊರಟು ಇನ್ನೊಂದು ಕಿಸೆಯ ಹೊಣೆಯನ್ನು ತೀರಿಸುತ್ತದೆ. ನಿಜವಾಗಿ ಕೈಯಿಂದ ಕೊಡುವವರು 200 ಯೂನಿಟ್ಟಿನ ಎಲ್ಲೆಯನ್ನು ದಾಟಿದ ಮಧ್ಯಮ ಕುಟುಂಬಗಳು, ಹೋಟೆಲಿನವರು, ಮುದ್ರಣಾಲಯದವರು, ಸಣ್ಣ ಕಾರಖಾನೆಯವರು. ಸಂಘಟಿತವಾದ ಮತಗಳೂ ಇವರಲ್ಲಿಲ್ಲ, ಒಪ್ಪಂದದ ಮೇಜಿನಲ್ಲಿ ಕುರ್ಚಿಯೂ ಇವರಿಗಿರಲಿಲ್ಲ. ಇವರಿಗಿರುವ ಒಂದೇ ಸ್ಥಳ ಆಯೋಗದ ಬಹಿರಂಗ ವಿಚಾರಣೆ.

ಆದುದರಿಂದ ಆಯೋಗದವರಲ್ಲಿ ನಮ್ಮ ಬಿನ್ನಹವಿಷ್ಟು. ಈ ಬಾಬನ್ನು ಚೀಟಿಯಲ್ಲಿ ಬೇರೆಯಾಗಿಯೇ ತೋರಿಸುತ್ತಿರಲಿ; ಮೂಲ ದರದಲ್ಲಿ ಕರಗಿಸಿಬಿಡುವ ಆಸೆಗೆ ಒಳಗಾಗದಿರಲಿ. 2027–28 ಮುಗಿದೊಡನೆ ಇದರ ಮುಂದುವರಿಕೆಯನ್ನು ಮಾಮೂಲಿನ ವಿಷಯವೆಂದು ಎಣಿಸದೆ, ಪ್ರತ್ಯೇಕವಾಗಿ ಪ್ರಕಟಿಸಿ, ಪ್ರತ್ಯೇಕವಾಗಿ ಆಕ್ಷೇಪಣೆಗಳನ್ನು ಕೇಳಲಿ. ಇಷ್ಟು ಪೈಸೆ ಕೂಡಿ ನಿಧಿಗೆ ಬಂದುದೆಷ್ಟು, ಪಿಂಚಣಿಗೆ ಹೋದುದೆಷ್ಟು ಎಂಬ ಲೆಕ್ಕವನ್ನು ಪ್ರತಿವರ್ಷದ ಆಜ್ಞೆಯಲ್ಲಿ ಕನ್ನಡದಲ್ಲಿ ಅಚ್ಚುಹಾಕಲಿ. ನೂರಾರು ಪುಟಗಳ ಇಂಗ್ಲಿಷ್ ಆಜ್ಞೆಯನ್ನು ತುಮಕೂರಿನ ಗಿರಣಿಯವನು ಓದಲೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಹಿಂದಿನ ಯಾವುದೇ ನಿಲುವನ್ನು ಬಿಡುವಾಗ ಹಿಂದೆ ಹೇಳಿದುದೇನು, ಈಗ ಬದಲಿಸಿದುದೇಕೆ ಎಂಬುದನ್ನು ಆಜ್ಞೆಯ ಮೊದಲ ಪುಟದಲ್ಲಿಯೇ ಬರೆಯಲಿ. ಮತ್ತು 65ನೆಯ ಕಲಮಿನ ಮುಂಗಡವು ಬಂದಿತೆ ಇಲ್ಲವೆ ಎಂಬುದನ್ನು ತಿಂಗಳು ತಿಂಗಳೂ ಕಂಪನಿವಾರು ಪ್ರಕಟಿಸಲಿ. ಇದಕ್ಕೆ ಹೊಸ ಶಾಸನ ಬೇಡ, ಮಂತ್ರಿಗಳ ಅಪ್ಪಣೆಯೂ ಬೇಡ. ಕಾರ್ಯಕಲಾಪಗಳಲ್ಲಿ ಪಾರದರ್ಶಕತೆಯನ್ನು ಕಾಯಬೇಕೆಂದು 86ನೆಯ ಕಲಮು ಆಯೋಗಕ್ಕೆ ಈಗಾಗಲೇ ವಿಧಿಸಿದೆ.

ಇನ್ನು ವಾಚಕರಿಗೆ ಒಂದು ಮಾತು. ಕಂಪನಿಗಳ ಅರ್ಜಿಗಳು ಪ್ರಕಟವಾದ ಬಳಿಕ ಆಕ್ಷೇಪಣೆ ಕೊಡಲು ಕೆಲವೇ ವಾರಗಳ ಅವಧಿಯಿರುತ್ತದೆ. ವಕೀಲನೇ ಬೇಕೆಂದಿಲ್ಲ, ಒಂದು ಹಾಳೆಯಲ್ಲಿ ತನ್ನ ಮಾಪಕದ ಸಂಖ್ಯೆಯನ್ನೂ ತನ್ನ ಆಕ್ಷೇಪಣೆಯನ್ನೂ ಬರೆದು ಕಳುಹಿಸಿದ ಗ್ರಾಹಕನ ಮಾತಿಗೂ ಆಯೋಗವು ಗಮನ ಕೊಡಲೇಬೇಕು. ಪಟ್ಟಣದ ವರ್ತಕ ಸಂಘಗಳೂ ಮೊಹಲ್ಲಾ ಸಂಘಗಳೂ ಮುಂದಿನ ವಿಚಾರಣೆಯ ದಿನಾಂಕವನ್ನು ಈಗಲೇ ವಿಚಾರಿಸಿ, ನಿವೃತ್ತಿನಿಧಿಯ ಲೆಕ್ಕವನ್ನು ಕೇಳುವ ಅರ್ಜಿಯೊಂದನ್ನು ಸಿದ್ಧಪಡಿಸಿಟ್ಟುಕೊಳ್ಳಲಿ.